ಕೌದಿ ಕಟ್ಟಿದ ಖೋಲಿಯಲ್ಲಿ ಹಾಡು ಹಿಡಿಯುವುದು

(ಸಂಘದ ವಾರ್ಷಿಕೋತ್ಸವದ ಎರಡನೆಯ ದಿನ ತರುಣರಿಗಾಗಿ ಆಡಿದ ಮಾತು. ಆಡಿದ್ದನ್ನೇ ಬರೆದುಕೊಟ್ಟಿದ್ದೇನೆ, ಅಲ್ಲಲ್ಲಿ ಮಾತ್ರ ತಿದ್ದಿದ್ದೇನೆ.)



ಹೋದ ತಿಂಗಳು ನಮ್ಮ ಸಂಘದ ನಾಲ್ಕು ಹುಡುಗರು ನನ್ನ ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಚೀಟಿ. ‘ಅಣ್ಣಾ, ಮನ್ಯಾಗ ಸ್ಟುಡಿಯೊ ಮಾಡಬೇಕಂತ ಮಾಡೀವಿ. ಇಷ್ಟು ಸಾಮಾನು ಬೇಕಂತ. ಒಮ್ಮೆ ನೋಡ್ರಿ’ ಅಂದರು. ನೋಡಿದೆ. ಎರಡು ದೊಡ್ಡ ಸ್ಪೀಕರು, ಒಂದು ದೊಡ್ಡ ಕೀಬೋರ್ಡು, ಮಿಕ್ಸರು, ಹೊಸ ಕಂಪ್ಯೂಟರು, ಮೂರು ಥರದ ಮೈಕು, ಗೋಡೆಗೆ ಅಂಟಿಸುವ ಕರಿ ಸ್ಪಂಜು, ಬಣ್ಣದ ದೀಪ. ದೀಪ ಯಾಕಪ್ಪಾ ಅಂದರೆ, ವಿಡಿಯೊದಾಗ ಎಲ್ಲರ ಸ್ಟುಡಿಯೊದಾಗೂ ಅದ ಅಣ್ಣಾ ಅಂದರು. ಕೆಳಗೆ ಲೆಕ್ಕ ಹಾಕಿದ್ದರು: ಒಂದು ಲಕ್ಷ ಎಪ್ಪತ್ತು ಸಾವಿರ ಚಿಲ್ಲರೆ. ರೊಕ್ಕ ಎಲ್ಲಿಂದ ತರ್ತೀರಿ ಅಂತ ಕೇಳಿದೆ. ಒಬ್ಬ ಅಂದ: ‘ಬಚತ್ ಗಟದಾಗ ಅವ್ವನ ಹೆಸರಲೆ ಸಾಲ ಎತ್ತತೀನಿ.’

ಆ ಮಾತಿಗೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಅವ್ವ ಇಲ್ಲೇ ಕೂತಿದ್ದಾರೆ, ಅವರಿಗೆ ಇನ್ನೂ ಗೊತ್ತಿಲ್ಲ ಅಂತ ಕಾಣುತ್ತದೆ. ಅವರ ಮುಂದೆಯೇ ಹೇಳುತ್ತೇನೆ. ಆ ಚೀಟಿಯ ಮುಕ್ಕಾಲು ಭಾಗ ಬೇಕಾಗಿಲ್ಲ. ಏನು ಬೇಕು, ಏನು ಬೇಡ, ಬೇಕಾದದ್ದರಲ್ಲಿ ಯಾವುದು ಮೊದಲು ಅನ್ನುವುದನ್ನು ನನಗೆ ತಿಳಿದ ಮಟ್ಟಿಗೆ ನಿಮಗೆ ಹೇಳಬೇಕು ಅಂತಲೇ ಇಲ್ಲಿ ನಿಂತಿದ್ದೇನೆ.

ಆದರೆ ಹುಡುಗರ ಆಸೆ ತಪ್ಪು ಅಂತ ಅನ್ನುತ್ತಿಲ್ಲ. ನೀವೇ ನೋಡಿ, ಏಪ್ರಿಲ್ 14 ಬಂತೆಂದರೆ ನಮ್ಮ ಓಣಿಯಲ್ಲಿ ಮೂರು ದಿನ ಹಾಡು. ಎಲ್ಲ ಮರಾಠಿ. ವಾಮನದಾದಾ ಕರ್ಡಕರ ಹಾಡು, ಪ್ರಹ್ಲಾದ ಶಿಂದೆಯವರ ದನಿ, ಅವರ ಮಕ್ಕಳ ದನಿ. ಅವು ನಮ್ಮವೇ ಹಾಡು, ಕೇಳುತ್ತಲೇ ಬೆಳೆದವನು ನಾನು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅಕ್ಕಲಕೋಟ ತಾಲೂಕಿನ ನಮ್ಮ ಮನೆಗಳಲ್ಲಿ ಅವ್ವ ಮಗುವನ್ನು ಮಲಗಿಸುವುದು ಕನ್ನಡದಾಗ. ಬೀಸುವ ಹಾಡು ಕನ್ನಡದಾಗ. ಏಕತಾರಿ ಹಿಡಿದು ಹಾಡುವ ತತ್ವಪದ ಕನ್ನಡದಾಗ. ನಮ್ಮ ಮುತ್ತ್ಯಾಗಳು ಬಾಬಾಸಾಹೇಬರ ಮೇಲೆ ತಾವೇ ಕಟ್ಟಿದ ಪದ ಕನ್ನಡದಾಗ. ಅವು ಸ್ಪೀಕರಿನಾಗ ಯಾಕ ಬರಂಗಿಲ್ಲ? ಯಾರೂ ಹಿಡಿದಿಟ್ಟಿಲ್ಲ, ಅದಕ್ಕೇ. ಸೋಲಾಪುರದ ಸ್ಟುಡಿಯೊಕ್ಕೆ ಹೋದರೆ ತಾಸಿನ ಲೆಕ್ಕದಲ್ಲಿ ರೊಕ್ಕ. ಎಪ್ಪತ್ತೈದು ವರ್ಷದ ಮುದುಕಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಗಾಜಿನ ಡಬ್ಬಿಯಂಥ ಖೋಲಿಯಲ್ಲಿ ಕೂರಿಸಿ, ‘ಆಯಿ, ಹಾಡ್ರಿ’ ಅಂದರೆ ಆಕೆಗೆ ಬಾಯೇ ಬರುವುದಿಲ್ಲ. ಆಕೆ ಹಾಡುವುದು ತನ್ನ ಮನೆಯಲ್ಲಿ, ಜೊತೆಗೆ ಇನ್ನೊಬ್ಬಳು ಸೊಲ್ಲು ಹಿಡಿಯುವವಳು ಇದ್ದಾಗ. ಅದಕ್ಕೇ ಮನೆಯ ಸ್ಟುಡಿಯೊ ಬೇಕು.

ಈಗ ನನ್ನ ದಡ್ಡತನದ ಕಥೆ. ಹತ್ತು ವರ್ಷದ ಹಿಂದೆ ಕಂತಿನ ಮೇಲೆ ಒಂದು ಭಾರಿ ಮೈಕು ತಂದೆ. ಕಂಡೆನ್ಸರ್ ಮೈಕು. ಫೋಟೊದಲ್ಲಿ ದೊಡ್ಡ ದೊಡ್ಡ ಗಾಯಕರ ಮುಂದೆ ನೇತಾಡುವುದು ಅದೇ. ಪತ್ರಾಸಿನ ಮನೆ ನಮ್ಮದು, ಪಕ್ಕದಲ್ಲಿ ಹಿಟ್ಟಿನ ಗಿರಣಿ. ಕಾಕಾನನ್ನು ಕೂರಿಸಿ ಒಂದು ಪದ ಹಾಡಿಸಿದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಕಾಕಾನ ದನಿ ಅದ, ಗಿರಣಿ ಅದ, ಆಡು ಅದ, ಬಿಸಿಲಿಗೆ ಪತ್ರಾಸು ಟಣ್ ಟಣ್ ಅನ್ನೋದೂ ಅದ, ಹೊರಗ ಯಾರೋ ನೀರಿಗೆ ಪಾಳಿ ಹಚ್ಚಿ ಜಗಳಾಡೋದೂ ಅದ. ಜಗಳ ಕಾಕಾನಿಗಿಂತ ಸ್ಪಷ್ಟ! ಹನ್ನೆರಡು ಕಂತು ತೀರಿಸಿದೆ. ಆ ಮೈಕಿನಲ್ಲಿ ಒಂದು ಹಾಡೂ ಉಳಿಸಿಕೊಳ್ಳುವಂತೆ ಆಗಲಿಲ್ಲ. ಕಾಕಾ ಮರುವರ್ಷ ತೀರಿಕೊಂಡ.

ಮೈಕಿನದು ತಪ್ಪಲ್ಲ. ಕಂಡೆನ್ಸರ್ ಮೈಕಿನೊಳಗೆ ಬಹಳ ತೆಳುವಾದ ಒಂದು ಪೊರೆ ಇರುತ್ತದೆ. ಸಣ್ಣ ಗಾಳಿಗೂ ಅದು ನಡುಗುತ್ತದೆ, ಆದ್ದರಿಂದ ಸಣ್ಣ ಸದ್ದನ್ನೂ ಹಿಡಿಯುತ್ತದೆ. ಅದು ಕೆಲಸ ಮಾಡಬೇಕಾದರೆ ತಂತಿಯಲ್ಲೇ ವಿದ್ಯುತ್ ಹೋಗಬೇಕು. ಸಾಮಾನ್ಯವಾಗಿ 48 ವೋಲ್ಟ್, ಇದಕ್ಕೆ ಫ್ಯಾಂಟಮ್ ಪವರ್ ಅನ್ನುತ್ತಾರೆ. ಇನ್ನೊಂದು ಜಾತಿ ಡೈನಮಿಕ್ ಮೈಕು. ಜಾತಿ ಅಂದ್ರ ನಗಬ್ಯಾಡ್ರಿ, ಮೈಕಿನ ಜಾತಿ. ಅದರೊಳಗೆ ಅಯಸ್ಕಾಂತ, ತಂತಿಯ ಸುರುಳಿ. ಅದಕ್ಕೆ ಹೊರಗಿನ ವಿದ್ಯುತ್ ಬೇಡ. ಕೆಳಗೆ ಬಿದ್ದರೂ ಬೇಗ ಕೆಡುವುದಿಲ್ಲ. ಬಾಯಿಗೆ ಹತ್ತಿರ ಇಟ್ಟರೆ ಎದುರಿನ ದನಿಯನ್ನು ಚೆನ್ನಾಗಿ ಹಿಡಿದು ದೂರದ ಗದ್ದಲವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಸಭೆಗಳಲ್ಲಿ ನೀವು ನೋಡುವ ಶೂರ್ ಎಸ್‌ಎಂ 58 ಇದೇ ಥರದ್ದು. 1966ರಲ್ಲಿ ಬಂದದ್ದು, ಇವತ್ತಿಗೂ ಅದೇ ರೂಪದಲ್ಲಿ ಮಾರಾಟ ಆಗುತ್ತದೆ. ಅದರ ನಕಲಿ ಮಾಲು ಬಹಳ, ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಬೇಡಿ.

ಡೈನಮಿಕ್ ಅಂದರೆ ಕಡಿಮೆ ದರ್ಜೆಯದು ಅಂತ ಯಾರಾದರೂ ಅಂದರೆ ಅವರಿಗೆ ಹೇಳಿ: 1982ರಲ್ಲಿ ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಆಲ್ಬಮ್ಮಿಗೆ ಧ್ವನಿ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಆತನ ದನಿ ಹಿಡಿದದ್ದು ಶೂರ್ ಎಸ್‌ಎಂ 7 ಅನ್ನುವ ಡೈನಮಿಕ್ ಮೈಕಿನಲ್ಲಿ. ಅವರ ಹತ್ತಿರ ಬೇರೆ ಮೈಕು ಇರಲಿಲ್ಲವೇ? ಇದ್ದವು. ಆ ದನಿಗೆ ಅದು ಹೊಂದಿತು, ಹಚ್ಚಿದರು. ಗಿರಣಿ, ಆಡು, ಪತ್ರಾಸು ಇರುವ ನಮ್ಮ ಓಣಿಗೆ ಮೊದಲ ಮೈಕು ಡೈನಮಿಕ್ ಆಗಿರಲಿ. ಕಂಡೆನ್ಸರ್ ಆಮೇಲೆ ನೋಡೋಣ.

ಮೈಕಿಗಿಂತ ಮೊದಲಿನ ಸಾಮಾನು ಖೋಲಿ. ಇದನ್ನು ಅಂಗಡಿಯಲ್ಲಿ ಮಾರುವುದಿಲ್ಲ, ಅದಕ್ಕೇ ಯಾವ ವಿಡಿಯೊದವನೂ ಒತ್ತಿ ಹೇಳುವುದಿಲ್ಲ. ಖಾಲಿ ಖೋಲಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ‘ಟ್ರಿಂಗ್’ ಅಂತ ಹಿಂದೆ ಒಂದು ಬಾಲ ಬರುತ್ತದಲ್ಲ, ಅದು ನಿಮ್ಮ ಶತ್ರು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹತ್ತು ಫೂಟಿನ ಖೋಲಿಯಲ್ಲಿ ಗೋಡೆಗೆ ಬಡಿದು ತಿರುಗಿ ಬರಲು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದಷ್ಟೂ ಹಿಡಿಯುವುದಿಲ್ಲ. ಅಷ್ಟು ಬೇಗ ತಿರುಗಿ ಬಂದ ಸದ್ದು ಮೂಲ ದನಿಗೆ ಅಂಟಿಕೊಂಡುಬಿಡುತ್ತದೆ, ಆಮೇಲೆ ಯಾವ ಕಂಪ್ಯೂಟರಿನಿಂದಲೂ ಅದನ್ನು ಪೂರಾ ಬಿಡಿಸಲಿಕ್ಕೆ ಆಗುವುದಿಲ್ಲ. ಹಾಡು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ.

ಇದಕ್ಕೆ ಔಷಧ ನಿಮ್ಮ ಮನೆಯಲ್ಲೇ ಅದ. ಕೌದಿ. ನಮ್ಮ ಆಯಿ, ಅವ್ವಂದಿರು ಹಳೆ ಸೀರೆ, ಹಳೆ ಧೋತರ ಪದರು ಪದರಾಗಿ ಇಟ್ಟು ಹೊಲಿದ ಕೌದಿ. ಗಾಳಿ ಹೋಗುವಂಥ ದಪ್ಪ ಬಟ್ಟೆಯೊಳಗೆ ಸದ್ದು ಹೊಕ್ಕರೆ ಎಳೆ ಎಳೆಯ ನಡುವೆ ಸಿಕ್ಕಿ ಸವೆದುಹೋಗುತ್ತದೆ. ನಾಲ್ಕು ದಪ್ಪ ಕೌದಿ ಇದ್ದರೆ ಸಣ್ಣ ಖೋಲಿಯ ಅರ್ಧ ಕೆಲಸ ಆಯಿತು. ಎಲ್ಲಿ ಕಟ್ಟಬೇಕು ಅನ್ನುವುದು ಮುಖ್ಯ. ಮೈಕು ಹಾಡುವವರ ಮುಖ ನೋಡುತ್ತದೆ, ಅಂದರೆ ಹಾಡುವವರ ಬೆನ್ನ ಹಿಂದಿನ ಗೋಡೆಯನ್ನೂ ನೋಡುತ್ತದೆ. ಆದ್ದರಿಂದ ಮೊದಲ ಕೌದಿ ಹಾಡುವವರ ಬೆನ್ನ ಹಿಂದೆ. ಎರಡು ಕೌದಿ ಎರಡೂ ಪಕ್ಕಕ್ಕೆ. ನಾಲ್ಕನೆಯದು ಕೆಳಗೆ ಹಾಸಲಿಕ್ಕೆ. ಗೋಡೆಗೆ ಅಂಟಿಸಿ ಮೊಳೆ ಹೊಡೆಯಬೇಡಿ. ಹಗ್ಗ ಕಟ್ಟಿ, ಗೋಡೆಗೂ ಕೌದಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಆ ಜಾಗ ಇದ್ದರೆ ಇನ್ನೂ ಸ್ವಲ್ಪ ದಪ್ಪ ಸ್ವರಗಳನ್ನೂ ಅದು ನುಂಗುತ್ತದೆ. ಧಾನ್ಯದ ಚೀಲ, ಗಾದಿ, ಬಟ್ಟೆ ತುಂಬಿದ ಕಪಾಟು ಇವೆಲ್ಲ ಅಲ್ಲೇ ಇರಲಿ, ಖೋಲಿ ತುಂಬಿದಷ್ಟೂ ಒಳ್ಳೆಯದು.

ತತ್ತಿಯ ಟ್ರೇ ಅಂಟಿಸಿದರೆ ಸೌಂಡ್‌ಪ್ರೂಫ್ ಆಗುತ್ತದೆ ಅಂತ ಒಬ್ಬ ತಮ್ಮ ಕೇಳಿದ. ಆಗೂದಿಲ್ಲಪ್ಪಾ. ತೆಳು ರಟ್ಟು ಅದು. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಒಳಗಿನ ಗುಂಯ್‌ಗುಡುವಿಕೆ ನುಂಗುವುದು ಬೇರೆ, ಹೊರಗಿನ ಗದ್ದಲ ತಡೆಯುವುದು ಬೇರೆ. ಕೌದಿ ಮೊದಲನೆಯದನ್ನು ಮಾಡುತ್ತದೆ, ಎರಡನೆಯದನ್ನು ಮಾಡುವುದಿಲ್ಲ. ಗಿರಣಿ ಸದ್ದು ತಡೆಯಬೇಕಾದರೆ ದಪ್ಪ ಗೋಡೆ ಬೇಕು, ಸಂದು ಇಲ್ಲದ ಬಾಗಿಲು ಬೇಕು, ಲಕ್ಷಗಟ್ಟಲೆ ಖರ್ಚು. ನಮಗದು ಆಗದು. ನಾವು ಮಾಡಬಹುದಾದ್ದು ಹೊತ್ತು ನೋಡಿಕೊಳ್ಳುವುದು. ಗಿರಣಿಯವನ ಹತ್ತಿರ ಹೋಗಿ, ಕಾಕಾ, ಎಷ್ಟು ಗಂಟೆಗೆ ಬಂದ್ ಮಾಡ್ತೀರಿ ಅಂತ ಕೇಳುವುದು. ಫ್ಯಾನ್ ಬಂದ್ ಮಾಡುವುದು. ಮೈಕಿನ ಬೆನ್ನು ಗದ್ದಲದ ಕಡೆಗೆ ಇರುವಂತೆ ಹಾಡುವವರನ್ನು ಕೂರಿಸುವುದು, ಯಾಕಂದರೆ ಇಂಥ ಮೈಕು ಬೆನ್ನ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತದೆ. ಮಳೆ ಬಂದರೆ ಎದ್ದು ಚಹಾ ಕುಡಿಯುವುದು. ಪತ್ರಾಸಿನ ಕೆಳಗೆ ಮಳೆಗೆ ಬೇರೆ ಉಪಾಯ ಇಲ್ಲ.

ಮೂರನೆಯದು ಆಡಿಯೊ ಇಂಟರ್‌ಫೇಸ್. ಮೈಕಿನಿಂದ ಬರುವ ವಿದ್ಯುತ್ ಬಹಳ ಸಣ್ಣದು. ಅದನ್ನು ಸ್ವಚ್ಛವಾಗಿ ದೊಡ್ಡದು ಮಾಡಿ, ಅಂಕಿಗಳಾಗಿ ಬದಲಿಸಿ, ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಕಳಿಸುವ ಸಣ್ಣ ಡಬ್ಬಿ ಇದು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೇ ಮೈಕು ಚುಚ್ಚಿದರೆ ಸುಂಯ್ ಅನ್ನುವ ಸದ್ದು ಹಾಡಿಗಿಂತ ಮುಂದೆ ಬರುತ್ತದೆ. ಎರಡು ಮೈಕು ಹಚ್ಚುವ ಡಬ್ಬಿ ಸಾಕು, ಒಂದು ದನಿಗೆ, ಒಂದು ಏಕತಾರಿಗೋ ಹಲಗಿಗೋ. ಫೋಕಸ್‌ರೈಟ್ ಸ್ಕಾರ್ಲೆಟ್ ಅಂತ ಒಂದು ಕೆಂಪು ಡಬ್ಬಿ ಎಲ್ಲ ಕಡೆ ಕಾಣುತ್ತದೆ. ಅದೇ ಬೇಕಂತಿಲ್ಲ, ಬೇರೆ ಕಂಪನಿಯವೂ ನಡೆಯುತ್ತವೆ. ಒಬ್ಬರು ಬಳಸಿ ಬಿಟ್ಟದ್ದು ಚಾಲೂ ಇದ್ದರೆ ಅದೂ ನಡೆಯುತ್ತದೆ, ಆದರೆ ಎದುರಿಗೇ ಹಚ್ಚಿ ನೋಡಿ, 48 ವೋಲ್ಟಿನ ಗುಂಡಿ ಇದೆಯೋ ನೋಡಿ. ಮೈಕಿಗೂ ಡಬ್ಬಿಗೂ ನಡುವೆ ಎಕ್ಸ್‌ಎಲ್‌ಆರ್ ಅನ್ನುವ ಮೂರು ಮೊಳೆಯ ಕೇಬಲ್ಲು ಬೇಕು. ಅಲ್ಲಿ ಜಿಪುಣತನ ಬೇಡ, ಕಳಪೆ ಕೇಬಲ್ಲಿನಿಂದ ಕಳೆದುಕೊಂಡ ಸಂಜೆಗಳು ನನ್ನಲ್ಲಿ ಬಹಳ ಇವೆ.

ಡಬ್ಬಿಯ ಮೇಲೆ ಗೇನ್ ಅನ್ನುವ ತಿರುಗಣಿ ಇರುತ್ತದೆ. ಎಲ್ಲರೂ ಅದನ್ನು ಜೋರಾಗಿ ತಿರುಗಿಸುತ್ತಾರೆ. ಕೆಂಪು ದೀಪ ಹತ್ತಿತೋ, ಆ ಹಾಡು ಹೋಯಿತು. ಹಾಲು ಉಕ್ಕಿ ಒಲೆಗೆ ಬಿದ್ದ ಹಾಗೆ, ತಿರುಗಿ ಪಾತ್ರೆಗೆ ಬರುವುದಿಲ್ಲ. 24 ಬಿಟ್ಟಿನಲ್ಲಿ ಹಿಡಿಯುವಾಗ ಕಡಿಮೆ ಇದ್ದರೆ ಆಮೇಲೆ ಏರಿಸಬಹುದು. ಆದ್ದರಿಂದ ಹಾಡಿನ ಎಲ್ಲಕ್ಕಿಂತ ಜೋರಿನ ಜಾಗದಲ್ಲೂ ಮುಳ್ಳು ಸೊನ್ನೆಯ ಕೆಳಗೆ 10–12 ಡೆಸಿಬಲ್ ಉಳಿಯುವಂತೆ ಇಡಿ. ಮುದುಕಿಯರು ತಾಲೀಮಿನಲ್ಲಿ ಮೆಲ್ಲಗೆ ಹಾಡಿ, ನಿಜವಾದ ಹಾಡಿಗೆ ಬಂದಾಗ ದನಿ ಎತ್ತಿಬಿಡುತ್ತಾರೆ. ಅದನ್ನೂ ಲೆಕ್ಕದಲ್ಲಿ ಇಡಿ.

ಹಲಗಿಯ ಮಾತು ಬಂತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಲಗಿ ಬ್ಯಾಡ ಅಂತ ಬಿಟ್ಟ ಹಿರಿಯರು ನಮ್ಮಲ್ಲೇ ಇದ್ದಾರೆ. ಊರ ಡಂಗುರಕ್ಕೆ ಕರೆದರು, ಹೆಣದ ಮುಂದೆ ಕರೆದರು, ಬಾರಿಸಿದವನಿಗೆ ಊಟ ಹೊರಗೆ ಹಾಕಿದರು. ಅದಕ್ಕೆ ಬಿಟ್ಟರು. ನನ್ನ ಅಪ್ಪನೂ ಅವರಲ್ಲೊಬ್ಬ, ಹಲಗಿಯನ್ನು ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಲಿಲ್ಲ. ಆ ಸಿಟ್ಟನ್ನು ನಾನು ತಪ್ಪೆನ್ನಲಾರೆ. ನನ್ನ ಮಗ ಅದೇ ಹಲಗಿಯನ್ನು ಇಳಿಸಿ ಒರೆಸಿಟ್ಟ, ಅವನನ್ನೂ ತಪ್ಪೆನ್ನಲಾರೆ. ಯಾರೂ ಕರೆಯದೆ, ನಮ್ಮ ಖೋಲಿಯಲ್ಲಿ, ನಮಗೆ ಬೇಕಾದಾಗ, ನಮ್ಮ ಹೆಸರು ಹಾಕಿ ಬಾರಿಸುವುದು ಬೇರೆ ಅಂತ ಅವನ ಮಾತು. ಮನೆಯಲ್ಲಿ ಈ ವಾದ ಇನ್ನೂ ಮುಗಿದಿಲ್ಲ.

ಹಿಡಿಯುವುದಾದರೆ ಹೇಗೆ ಹಿಡಿಯಬೇಕು ಅಂತ ಹೇಳುತ್ತೇನೆ. ಹಲಗಿಯ ಪೆಟ್ಟು ಸಿಡಿಲಿನಂಥದ್ದು. ಒಮ್ಮೆಲೆ ಏರಿ ಒಮ್ಮೆಲೆ ಇಳಿಯುತ್ತದೆ. ಇಲ್ಲೂ ಡೈನಮಿಕ್ ಮೈಕೇ ಆಗಬೇಕು, ಜೋರು ಸದ್ದನ್ನು ಅದು ತಾಳಿಕೊಳ್ಳುತ್ತದೆ. ಚರ್ಮಕ್ಕೆ ಅಂಟಿಸಿ ಇಟ್ಟರೆ ಬರೀ ‘ಟಪ್’ ಅನ್ನುವುದು ಬರುತ್ತದೆ, ಮೂರು ನಾಲ್ಕು ಫೂಟು ದೂರ ಇಟ್ಟರೆ ದಪ್ಪ ಕೋಲಿನ ಪೆಟ್ಟು, ಸಣ್ಣ ಕಡ್ಡಿಯ ಚಟಚಟ, ಚರ್ಮದ ಗುಂಗು ಮೂರೂ ಬರುತ್ತವೆ. ಇನ್ನೊಂದು. ಹಲಗಿಯನ್ನು ಬೆಂಕಿಗೆ ಕಾಸಿದರೆ ದನಿ ಏರುತ್ತದೆ, ಆರಿದಂತೆ ಇಳಿಯುತ್ತದೆ. ಮೈಕು, ಗೇನ್ ಎಲ್ಲ ಸಿದ್ಧ ಮಾಡಿಕೊಂಡು ಆಮೇಲೆ ಕಾಸಿ, ಕಾಸಿದ ಮೇಲೆ ತಂತಿ ಹುಡುಕುತ್ತ ಕೂರಬೇಡಿ. ಒಂದೇ ಹಾಡಿನ ಎರಡು ತುಂಡುಗಳನ್ನು ಬೇರೆ ಬೇರೆ ಹೊತ್ತಿಗೆ ಹಿಡಿದು ಜೋಡಿಸಿದರೆ ಹಲಗಿಯ ದನಿ ನಡುವೆ ಕುಸಿದದ್ದು ಗೊತ್ತಾಗುತ್ತದೆ. ಮತ್ತೆ ಬೆಂಕಿ ಅಂಗಳದಲ್ಲಿ ಮಾಡಿ. ಖೋಲಿಯ ತುಂಬ ಕೌದಿ ಕಟ್ಟೀವಿ, ಮರೀಬ್ಯಾಡ್ರಿ!

ಹಾಡುವವರ ಬಾಯಿಂದ ‘ಪ’, ‘ಫ’, ‘ಭ’ ಬಂದಾಗ ಗಾಳಿ ಮೈಕಿಗೆ ಬಡಿದು ‘ಧಪ್’ ಅನ್ನುತ್ತದೆ. ‘ಭೀಮ’ ಅನ್ನುವ ಹೆಸರೇ ಪದಪದಕ್ಕೂ ಬರುವ ಹಾಡುಗಳು ನಮ್ಮವು. ಇದಕ್ಕೆ ಪಾಪ್ ಫಿಲ್ಟರ್ ಅಂತ ಮಾರುತ್ತಾರೆ. ಕಸೂತಿ ಹಾಕುವ ಬಳೆಗೆ ತೆಳು ನೈಲಾನ್ ಬಟ್ಟೆ ಬಿಗಿದು ಬಾಯಿಗೂ ಮೈಕಿಗೂ ನಡುವೆ ನಿಲ್ಲಿಸಿ, ಅಷ್ಟೇ ಅದು.

ನಾಲ್ಕನೆಯದು ಹೆಡ್‌ಫೋನ್. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಹಿಂಬದಿ ಮುಚ್ಚಿದ್ದು. ಹಿಂಬದಿ ತೆರೆದದ್ದಾದರೆ ಒಳಗಿನ ತಾಳ ಹೊರಬಂದು ಮೈಕಿಗೆ ಬೀಳುತ್ತದೆ. ಬಾಸ್ ಎತ್ತಿ ಕೊಡುವ ಫ್ಯಾಶನ್ ಹೆಡ್‌ಫೋನ್ ಬೇಡ, ಅದು ಹಾಡನ್ನು ಹೊಗಳುತ್ತದೆ, ನಮಗೆ ಬೇಕಾದ್ದು ತಪ್ಪು ತೋರಿಸುವುದು. ಸ್ಪೀಕರು ಯಾಕೆ ಈಗಲೇ ಬೇಡ ಅಂದರೆ, ಹತ್ತು ಫೂಟಿನ ಖೋಲಿಯಲ್ಲಿ ದಪ್ಪ ಸ್ವರಗಳು ಮೂಲೆಯಲ್ಲಿ ಕೂಡಿಕೊಂಡು ಸುಳ್ಳು ಹೇಳುತ್ತವೆ. ಕೌದಿಗೆ ಅವು ಬಗ್ಗುವುದಿಲ್ಲ. ಹೆಡ್‌ಫೋನಿನಲ್ಲಿ ಮಾಡಿದ್ದನ್ನು ಮೊಬೈಲಿನಲ್ಲಿ ಕೇಳಿ, ಟಮ್‌ಟಮ್ ಗಾಡಿಯ ಸ್ಪೀಕರಿನಲ್ಲಿ ಕೇಳಿ, ಜಯಂತಿಯ ಡಬ್ಬಿಯಲ್ಲಿ ಕೇಳಿ. ಮೂರೂ ಕಡೆ ಮಾತು ತಿಳಿಯಬೇಕು. ನಮ್ಮ ಹಾಡುಗಳಲ್ಲಿ ಮಾತೇ ಜೀವ, ತಾಳದಾಗ ಅದು ಮುಳುಗಬಾರದು.

ಕಂಪ್ಯೂಟರು ಹೊಸದೇ ಬೇಕಂತಿಲ್ಲ. 8 ಜಿಬಿ ರ‍್ಯಾಮ್ ಇರುವ ಹಳೆ ಲ್ಯಾಪ್‌ಟಾಪ್ ಸಾಕು. ತಂತ್ರಾಂಶ: ಆಡಾಸಿಟಿ ಪೂರಾ ಪುಕ್ಕಟೆ, 2000ದಿಂದ ಇದೆ, ಹಿಡಿದು ಕತ್ತರಿಸಿ ಜೋಡಿಸಲಿಕ್ಕೆ ಸಾಕು. ಹಲವು ಪದರುಗಳ ಕೆಲಸಕ್ಕೆ ರೀಪರ್ ಅನ್ನುವುದು ಒಳ್ಳೆಯದು, 60 ದಿನ ಪರೀಕ್ಷೆಗೆ ಕೊಡುತ್ತಾರೆ, ಸಣ್ಣವರಿಗೆ ಬೆಲೆ 60 ಡಾಲರ್. ಕದ್ದ ತಂತ್ರಾಂಶ ಹಾಕಬೇಡಿ. ನೀತಿಯ ಮಾತು ಆಮೇಲೆ, ಅದರ ಜೊತೆ ಬಂದ ವೈರಸ್ಸು ಒಬ್ಬ ಗೆಳೆಯನ ಎರಡು ವರ್ಷದ ಕೆಲಸ ತಿಂದುಹಾಕಿದೆ. ಲ್ಯಾಪ್‌ಟಾಪೇ ಇಲ್ಲದವರು ಮೊಬೈಲಿನಿಂದ ಸುರು ಮಾಡಿ. 2017ರಲ್ಲಿ ಕೆಂಡ್ರಿಕ್ ಲಮಾರ್ ಅನ್ನುವ ಕಪ್ಪುಜನರ ದೊಡ್ಡ ರ‍್ಯಾಪರ್‌ನ ಆಲ್ಬಮ್ಮಿನಲ್ಲಿ ‘ಪ್ರೈಡ್’ ಅಂತ ಒಂದು ಹಾಡಿದೆ. ಅದರ ಸಂಗೀತವನ್ನು ಸ್ಟೀವ್ ಲೇಸಿ ಅನ್ನುವ ಹುಡುಗ ಐಫೋನಿನಲ್ಲಿ ಕಟ್ಟಿದ. ಆಗಿನ್ನೂ ಅವನಿಗೆ ಇಪ್ಪತ್ತು ತುಂಬಿರಲಿಲ್ಲ.

ಹುಡುಗರು ಪ್ರತಿಸಲ ತಕರಾರು ತರುವುದು ಒಂದೇ: ‘ಅಣ್ಣಾ, ಹೆಡ್‌ಫೋನಿನಾಗ ನನ್ನ ದನಿ ತಡಾ ಮಾಡಿ ಬರ್ತದ.’ ಕಂಪ್ಯೂಟರು ಸದ್ದನ್ನು ತುಣುಕು ತುಣುಕಾಗಿ ಬುಟ್ಟಿಯಲ್ಲಿ ತುಂಬಿ ತುಂಬಿ ಕೊಡುತ್ತದೆ. ಬುಟ್ಟಿ ದೊಡ್ಡದಾದಷ್ಟೂ ತಡ. 48 ಕಿಲೊಹರ್ಟ್ಸ್ ಅಂದರೆ ಸೆಕೆಂಡಿಗೆ 48,000 ತುಣುಕು. ಬಫರ್ 1024 ಇದ್ದರೆ ಒಂದು ಬುಟ್ಟಿಗೆ ಸುಮಾರು 21 ಮಿಲಿಸೆಕೆಂಡ್, 128ಕ್ಕೆ ಇಳಿಸಿದರೆ 3ಕ್ಕಿಂತ ಕಡಿಮೆ. ಹಾಡು ಹಿಡಿಯುವಾಗ ಸಣ್ಣ ಬಫರ್, ಆಮೇಲೆ ಕೂಡಿಸುವಾಗ ದೊಡ್ಡದು. ಇಂಟರ್‌ಫೇಸಿನಲ್ಲೇ ನೇರವಾಗಿ ಕೇಳುವ ಗುಂಡಿ ಇದ್ದರೆ ಅದನ್ನೇ ಒತ್ತಿ, ತಕರಾರೇ ಇಲ್ಲ.

ಕೀಬೋರ್ಡು ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಸಣ್ಣ ಮಿಡಿ ಕೀಬೋರ್ಡು ಒಳ್ಳೆಯ ಸಾಮಾನು. ಅದು ಸದ್ದು ಕಳಿಸುವುದಿಲ್ಲ, ‘ಈ ಮನೆ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು’ ಅಂತ ಸುದ್ದಿ ಮಾತ್ರ ಕಳಿಸುತ್ತದೆ, ಸದ್ದು ಕಂಪ್ಯೂಟರು ಮಾಡುತ್ತದೆ. ಆದರೆ ಮೊದಲ ವರ್ಷ ಬೇಡ. ಯಾಕಂದರೆ ಕೀಬೋರ್ಡು ಬಂದ ಕೂಡಲೇ ನಾವು ಸಿನೆಮಾ ತಾಳ ಹಾಕಿ, ಅದರ ಮೇಲೆ ಆಯಿಯನ್ನು ಹಾಡಿಸುತ್ತೇವೆ. ಆಯಿಯ ಸ್ವರ ಎರಡು ಮನೆಗಳ ನಡುವೆ ಜಾರಿ ಬರುತ್ತದೆ, ಅದು ಕೀಬೋರ್ಡಿನಲ್ಲಿ ಇಲ್ಲ. ಆಗ ಯಾರೋ ಒಬ್ಬ ‘ಸ್ವರ ತಪ್ಪಿದೆ’ ಅಂತ ಆಟೊಟ್ಯೂನ್ ಹಾಕುತ್ತಾನೆ. ನಾನೇ ಒಮ್ಮೆ ಹಾಕಿದ್ದೇನೆ. ಕೇಳಿದ ಆಯಿ ‘ಇದ್ಯಾರದಪ್ಪ ದನಿ?’ ಅಂದಳು.

ಕರೆಂಟಿನ ವಿಷಯ. ಹಿಡಿದ ಹಾಡಿನ ಕೆಳಗೆ ‘ಗುಂ’ ಅನ್ನುವ ಒಂದೇ ಸಮನೆ ಸದ್ದು ಇದ್ದರೆ ಅದು ನಮ್ಮ ಮನೆಯ ವಿದ್ಯುತ್ತಿನ 50 ಹರ್ಟ್ಸ್. ಅರ್ಥಿಂಗ್ ಸರಿ ಇಲ್ಲದ ಮನೆಗಳಲ್ಲಿ ಇದು ಇದ್ದದ್ದೇ. ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ನಡೆಸಿದರೆ ಬಹಳ ಸಲ ಹೋಗುತ್ತದೆ. ಹೋಗದಿದ್ದರೆ ವಾಯರ್‌ಮನ್ ಕರೆಸಿ ಅರ್ಥಿಂಗ್ ಮಾಡಿಸಿ. ಅದು ಹಾಡಿಗಷ್ಟೇ ಅಲ್ಲ, ಮೈಕು ಮುಟ್ಟಿದವರ ಜೀವಕ್ಕೂ ಸಂಬಂಧಪಟ್ಟದ್ದು.

ಹಾಡನ್ನು ಒಂದೇ ಕಡೆ ಇಡಬೇಡಿ. 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ಒಂದು ಮೈಕಿನ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ ಜಾಗ ಬೇಕು. ಐದು ನಿಮಿಷದ ಹಾಡು, ಹತ್ತು ಪದರು ಅಂದರೆ 430 ಎಂಬಿ. ಇದೇನು ದೊಡ್ಡದಲ್ಲ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ. ಫೈಲಿಗೆ ‘ಹೊಸದು 1’, ‘ಹೊಸದು 2’ ಅಂತ ಹೆಸರಿಡದೆ ಹಾಡಿದವರ ಹೆಸರು, ಊರು, ದಿನ ಬರೆಯಿರಿ. ಎಂಪಿತ್ರೀ ಮಾಡಿ ಹಂಚಿ, ಆದರೆ ಮೂಲದ ವೇವ್ ಫೈಲು ಅಳಿಸಬೇಡಿ.

ಹೆಸರು ಅಂದೆ. ಚೀಟಿಯಲ್ಲಿ ಇಲ್ಲದ ಸಾಮಾನು ಅದೇ. ನನ್ನ ಕಾಕಾ ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಕಂಪನಿಗೆ ಎಂಟು ಪದ ಹಾಡಿದ್ದ. ಆರು ಅವನೇ ಕಟ್ಟಿದವು. ಒಂದು ಸಲ ರೊಕ್ಕ ಕೊಟ್ಟು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಕ್ಯಾಸೆಟ್ಟು ಬಂದಾಗ ಮೇಲೆ ಬೇರೆಯವರ ಹೆಸರು. ಜಾತ್ರೆಯಲ್ಲಿ ತನ್ನದೇ ಹಾಡು ಕೇಳುತ್ತ ನಿಂತು, ಇದು ನಂದು ಅಂದರೆ ಅಂಗಡಿಯವನು ನಕ್ಕ. ಕಾಕಾ ಅದನ್ನು ಸಾಯುವ ತನಕ ಹೇಳುತ್ತಿದ್ದ.

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಾಡು ಬರೆದವನ ಹಕ್ಕು ಅವನು ಬರೆದ ಕೂಡಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಬದುಕಿರುವ ತನಕ, ಸತ್ತ ಮೇಲೆ ಇನ್ನೂ 60 ವರ್ಷ ಅದು ಇರುತ್ತದೆ. ಹಾಡಿದವರಿಗೆ ಬೇರೆ ಹಕ್ಕು ಇದೆ, 50 ವರ್ಷದ್ದು. ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಡಬೇಕಾದರೆ ಕಾಗದದಲ್ಲಿ ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿರದಿದ್ದರೆ ಐದೇ ವರ್ಷ ಅಂತ ತಿಳಿಯಬೇಕೆಂದು ಕಾಯ್ದೆಯಲ್ಲೇ ಇದೆ. 2012ರ ತಿದ್ದುಪಡಿಯ ಮೇಲೆ ಹಾಡು ಬರೆದವರ, ಸಂಗೀತ ಕಟ್ಟಿದವರ ರಾಯಲ್ಟಿಯನ್ನು ಸುಲಭವಾಗಿ ಕಿತ್ತುಕೊಳ್ಳಲಿಕ್ಕೆ ಬರುವುದಿಲ್ಲ. ಬೀಸುವ ಹಾಡಿನಂಥ ಯಾರು ಕಟ್ಟಿದರೆಂದು ತಿಳಿಯದ ಹಳೆ ಹಾಡಿಗೆ ಒಡೆಯನಿಲ್ಲ, ಆದರೆ ಅದನ್ನು ಹಿಡಿದ ರೆಕಾರ್ಡಿಂಗಿಗೆ ಒಡೆಯನಿದ್ದಾನೆ: ಯಾರು ಮುಂದೆ ನಿಂತು ಹಿಡಿಸಿದರೋ ಅವರು. ನಾವು ಹಿಡಿದರೆ ನಮ್ಮದು. ಅದಕ್ಕೇ ಒಂದು ರಿಜಿಸ್ಟರ್ ಬುಕ್ಕು ಇಡಿ. ಯಾರು ಕಟ್ಟಿದ್ದು, ಯಾರು ಹಾಡಿದ್ದು, ಯಾರು ಸೊಲ್ಲು ಹಿಡಿದದ್ದು, ಯಾರು ಬಾರಿಸಿದ್ದು, ರೊಕ್ಕ ಬಂದರೆ ಪಾಲು ಹೇಗೆ. ಓದು ಬಾರದವರಿಗೆ ಜೋರಾಗಿ ಓದಿ ಹೇಳಿ, ಓದಿ ಹೇಳಿದ್ದನ್ನೂ ರೆಕಾರ್ಡ್ ಮಾಡಿ. ನೂರು ರೂಪಾಯಿಯ ಬುಕ್ಕು, ಒಂದು ಪೆನ್ನು.

ಹಿಂದೆ ಜಮೈಕಾ ಅನ್ನುವ ದ್ವೀಪದ ಕಿಂಗ್‌ಸ್ಟನ್ ಶಹರದಲ್ಲಿ, ಬಡವರ ಓಣಿಯಲ್ಲಿ, ರೇಡಿಯೊ, ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವವನೊಬ್ಬನಿದ್ದ. ಜನ ಅವನಿಗೆ ಕಿಂಗ್ ಟಬ್ಬಿ ಅನ್ನುತ್ತಿದ್ದರು. 1970ರ ದಶಕದಲ್ಲಿ ತನ್ನ ಮನೆಯ ಸಣ್ಣ ಖೋಲಿಯಲ್ಲಿ, ತಾನೇ ಬಿಚ್ಚಿ ಜೋಡಿಸಿದ ಯಂತ್ರಗಳ ಮುಂದೆ ಕೂತು, ಇದ್ದ ಹಾಡುಗಳನ್ನೇ ಬಿಡಿಸಿ ಮತ್ತೆ ಹೆಣೆದು ‘ಡಬ್’ ಅನ್ನುವ ಹೊಸ ಸಂಗೀತವನ್ನೇ ಹುಟ್ಟಿಸಿದ. ನಮ್ಮ ಓಣಿಯಲ್ಲೂ ಮಿಕ್ಸಿ, ಮೋಟಾರು ರಿಪೇರಿ ಮಾಡುವ ಹುಡುಗರು ಇದ್ದಾರೆ. ಅವರನ್ನು ಮೊದಲು ಕರೆಯಿರಿ ಅಂತ ಈ ಕಥೆ ಹೇಳಿದೆ. ಕೇಬಲ್ಲು ಬೆಸೆಯುವವರು ಬೇಕು ನಮಗೆ.

ಇನ್ನು ಆ ಚೀಟಿ. ಮೈಕು ಒಂದು, ಸ್ಟ್ಯಾಂಡು, ಕೇಬಲ್ಲು, ಎರಡು ಮೈಕಿನ ಇಂಟರ್‌ಫೇಸು, ಹೆಡ್‌ಫೋನು, ಹಾರ್ಡ್‌ಡಿಸ್ಕು. ಉಳಿದದ್ದಕ್ಕೆಲ್ಲ ಗೀಟು ಹೊಡೆದೆ. ಲ್ಯಾಪ್‌ಟಾಪ್ ನನ್ನ ಹಳೆಯದನ್ನು ಕೊಡುತ್ತೇನೆ. ಈ ಸಾಮಾನಿಗೆ ಅವ್ವನ ಹೆಸರಿನಲ್ಲಿ ಸಾಲ ಎತ್ತಬೇಕಾಗಿಲ್ಲ, ಸಂಘದ ವರ್ಗಣಿಯಿಂದ ತರಬಹುದು. ಎಲ್ಲಿ ಇಡಬೇಕು ಅನ್ನುವ ಪ್ರಶ್ನೆಗೆ ಹುಡುಗರು ತಮ್ಮ ಮನೆ ಅಂದರು. ಅಲ್ಲೇ ನಿಂತಿದ್ದ ಒಬ್ಬ ತಂಗಿ ಅಂದಳು: ‘ಅಣ್ಣಾ, ಅವರ ಮನ್ಯಾಗ ಇಟ್ರ ನಾವ್ಯಾರೂ ಹಾಡ್ಲಿಕ್ಕ ಬರಂಗಿಲ್ಲ.’ ಸರಿಯಾದ ಮಾತು. ಹಾಡು ಗೊತ್ತಿರುವವರು ಮುಕ್ಕಾಲು ಪಾಲು ಹೆಣ್ಣುಮಕ್ಕಳು. ಆದ್ದರಿಂದ ಸಂಘದ ವಾಚನಾಲಯದ ಹಿಂದಿನ ಖೋಲಿಯಲ್ಲಿ ಇಡಬೇಕು, ಎರಡು ಕೀಲಿ ಇರಬೇಕು, ಒಂದು ಆ ತಂಗಿಯ ಕೈಯಲ್ಲಿ ಇರಬೇಕು ಅಂತ ಅಧ್ಯಕ್ಷರಲ್ಲಿ ಕೇಳಿಕೊಂಡಿದ್ದೇನೆ. ಅವರು ತಲೆ ಆಡಿಸಿದ್ದಾರೆ.

ಮುಂದಿನ ಓಣಿಯ ಹಿರಿಯ ಆಯಿಗೆ ಬೀಸುವ ಹಾಡು ಎಷ್ಟು ಬರುತ್ತವೆ ಅಂತ ಕೇಳಿದರೆ, ‘ಎಣಿಸಿಲ್ಲ, ಬೀಸೂ ತನಕ ಬರ್ತಾವ’ ಅಂತಾಳೆ. ಈಗ ಆಕೆಗೆ ದಮ್ಮು. ಚಳಿಗಾಲ ಬಂದರೆ ಹಾಡಲಿಕ್ಕೆ ಆಗುವುದಿಲ್ಲ. ಗಿರಣಿಯವರು ರವಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಬಂದ್ ಇಡಲು ಒಪ್ಪಿದ್ದಾರೆ. ಬೀಸುವ ಕಲ್ಲು ತರಲಿಕ್ಕೆ ಇಬ್ಬರು ಗಟ್ಟಿ ಹುಡುಗರು ಬೇಕು, ಕಲ್ಲು ತಿರುಗಿಸದೆ ಆಕೆಗೆ ಹಾಡು ನೆನಪಾಗುವುದಿಲ್ಲವಂತೆ. ಒಂದು ಶೇರು ಜೋಳವೂ ಬೇಕು. ಮತ್ತೆ ನಾಲ್ಕು ಕೌದಿ ಬೇಕು, ದಪ್ಪನೆಯವು. ಯಾರ ಮನೆಯಿಂದ ಕೊಡ್ತೀರಿ, ಹೋಗುವಾಗ ಆ ತಂಗಿಯ ಹತ್ತಿರ ಹೆಸರು ಬರೆಸಿ ಹೋಗ್ರಿ.